ರುದ್ರಾಣಿ ಅಕ್ಕೋರ ಕುರ್ಚಿ

ನಮ್ಮೂರಿನಲ್ಲಿ ಹದಿನೆಂಟು ತುಂಬಿದವರ ಹಿಂದೆ ಒಂದು ಕುರ್ಚಿ ನಡೆಯುತ್ತದೆ. ಎಲ್ಲಿಗೆ ಹೋದರೂ ಎರಡು ಮಾರು ಹಿಂದೆ, ಒಡೆಯನ ನಡಿಗೆಯಲ್ಲೇ. ಹೀಗಾಗಿ ನಮ್ಮ ಹೋಟೆಲುಗಳಲ್ಲಿ ಬರೀ ಮೇಜುಗಳಿರುತ್ತವೆ, ಬಂದವರು ತಮ್ಮ ತಮ್ಮ ಕುರ್ಚಿಯ ಮೇಲೆ ಕೂತು ಇಡ್ಲಿ ತಿನ್ನುತ್ತಾರೆ. ಗುಡಿಯ ಮುಂದೆ ಚಪ್ಪಲಿ ಕಾಯುವವನೇ ಕುರ್ಚಿಗಳನ್ನೂ ಕಾಯುತ್ತಾನೆ. ಜಗಳವಾಡಿದ ಗಂಡಹೆಂಡಿರ ಕುರ್ಚಿಗಳು ಒಂದಕ್ಕೊಂದು ಬೆನ್ನು ಮಾಡಿ ನಿಲ್ಲುವುದರಿಂದ ನಮ್ಮೂರಿನಲ್ಲಿ ಮನೆಯ ಗುಟ್ಟು ಎನ್ನುವುದು ಬಹಳ ಕಡಿಮೆ. ಹೊರಗಿನಿಂದ ಬಂದ ಬೀಗರು ಮೊದಲ ದಿನ ಹೆದರುತ್ತಾರೆ, ಎರಡನೆಯ ದಿನ ನಮಗೂ ಒಂದು ಸಿಕ್ಕೀತೇ ಎಂದು ಮೆಲ್ಲಗೆ ಕೇಳುತ್ತಾರೆ. ಸಿಗುವುದಿಲ್ಲ. ಊರ ಗಡಿ ದಾಟಿದರೆ ಅವು ಬರೀ ಕಟ್ಟಿಗೆ.

ನಾನು ಮೌನೇಶ, ಬಡಿಗ. ಕುರ್ಚಿ ರಿಪೇರಿ ನನ್ನ ಕಸುಬು. ಬೀದಿಯಲ್ಲಿ ಯಾರ ಕುರ್ಚಿ ಹೋಯಿತು ಎಂದು ಒಳಗೆ ಕೂತೇ ಸದ್ದಿನಿಂದ ಹೇಳಬಲ್ಲೆ ಎಂಬ ಜಂಬ ನನಗಿತ್ತು. ಆ ಸದ್ದುಗಳಲ್ಲೆಲ್ಲ ಯಾರಿಗೂ ತಪ್ಪದೆ ಗುರುತು ಸಿಗುವುದೆಂದರೆ ರುದ್ರಾಣಿ ಅಕ್ಕೋರ ಕುರ್ಚಿಯದು. ಅಕ್ಕೋರು ನಮ್ಮ ಶಾಲೆಯ ಡ್ರಿಲ್ ಟೀಚರು. ಮೂವತ್ತೊಂದು ವರ್ಷಗಳಿಂದ ಊರಿನ ಪ್ರತಿ ಮಗುವನ್ನೂ ಬಿಸಿಲಲ್ಲಿ ನಿಲ್ಲಿಸಿ ಏಕ್, ದೋ, ಏಕ್ ಎಂದು ನಡೆಸಿದವರು. ಮದುವೆಯಾಗಿರಲಿಲ್ಲ. ಕೇಳುವ ಧೈರ್ಯ ಯಾವ ಗಂಡಿಗೂ ಬಂದಿರಲಿಕ್ಕಿಲ್ಲ ಎಂದು ಊರಿನ ಅಂದಾಜು. ಅವರ ತೇಗದ ಕುರ್ಚಿ ಟಕ್, ಟಕ್ ಎಂದು ಬಂತೆಂದರೆ ಬ್ಯಾಂಕಿನ ಮ್ಯಾನೇಜರನೂ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ.

ಒಂದು ಬೇಸಿಗೆಯ ಬೆಳಿಗ್ಗೆ ಆ ಸದ್ದು ಟಕ್, ಸರ್ರ್, ಟಕ್, ಸರ್ರ್ ಎಂದು ನನ್ನ ಅಂಗಡಿಯ ಮುಂದೆ ಬಂದು ನಿಂತಿತು. ಹೊರಗೆ ಬಂದು ನೋಡಿದೆ. ಕುರ್ಚಿ ಹಿಂದಿನ ಬಲಗಾಲನ್ನು ಎಳೆಯುತ್ತಿತ್ತು. ಸುಮ್ಮನೆ ನಿಂತಾಗ ಅದರ ಬಲಗೈ ಸಣ್ಣಗೆ ನಡುಗುತ್ತಿತ್ತು. ಅಕ್ಕೋರ ಬಲಗೈ ಸೆರಗಿನ ಒಳಗಿತ್ತು.

"ಮೌನೇಶ, ಇದಕ್ಕೇನೋ ಆಗೇತಿ. ನೋಡು" ಎಂದರು.

"ಅಂಟು ಬಿಟ್ಟೈತ್ರಿ ಅಕ್ಕೋರ. ಸಂಜಿಗೆ ಒಯ್ರಿ" ಎಂದೆ ನಾನು, ಮುಟ್ಟಿಯೂ ನೋಡದೆ.

ನನ್ನ ಅಂಗಡಿಯಲ್ಲಿ ಒಂದು ಉದ್ದನೆಯ ಪುಸ್ತಕವಿದೆ. ಕುರ್ಚಿಗೆ ಏನಾಗಿದೆ ಎಂದು ಗಿರಾಕಿಗಳು ತಮ್ಮ ಕೈಯಾರೆ ಅದರಲ್ಲಿ ಬರೆಯಬೇಕು. ಆಮೇಲೆ ನಾನು ಹೇಳಿದ್ದು ಇದಲ್ಲ ಎಂದು ತಕರಾರು ತೆಗೆಯಬಾರದಲ್ಲ, ಅದಕ್ಕೆ. ಅಕ್ಕೋರು ಬರೆದರು: ಬಲಗಾಲು ಎಳೆತ, ಬಲಗೈ ನಡುಕ.

ಅಂಟು ಹಾಕಿದೆ. ಹದಿನೈದು ದಿನಕ್ಕೆ ಮತ್ತೆ ಬಂತು. ಬೆಣೆ ಹೊಡೆದೆ. ಮತ್ತೆ ಬಂತು. ಈ ಸಲ ಮೈ ಬಿಗಿಯಾಗಿದೆ, ಕೀಲುಗಳು ಹಟ ಮಾಡುತ್ತವೆ ಎಂದರು. ಎಳ್ಳೆಣ್ಣೆ ಹಚ್ಚಿ ಮೂರು ದಿನ ಬಿಸಿಲಿಗಿಟ್ಟೆ. ಆಮೇಲೆ ನಿಧಾನವಾಗಿದೆ ಎಂಬ ದೂರು. ಭಾರ ಹೆಚ್ಚಾಗಿರಬೇಕೆಂದು ನಾಲ್ಕೂ ಕಾಲುಗಳನ್ನು ಕೆತ್ತಿ ತೆಳ್ಳಗೆ ಮಾಡಿದೆ. ಆಮೇಲೆ ಮುಂದಕ್ಕೆ ಬಾಗಿ ನಡೆಯುತ್ತಿದೆ ಎಂದು ಬಂತು. ಹಿಂದಿನ ಕಾಲು ಎರಡು ಬೆರಳು ಕತ್ತರಿಸಿದೆ. ಅದು ಹಿಂದಕ್ಕೆ ವಾಲಿತು. ಮುಂದಿನದನ್ನೂ ಕತ್ತರಿಸಿದೆ. ಹೀಗೆ ಸರಿದೂಗಿಸುತ್ತ ಹೋದ ಹಾಗೆ ಒಂದು ವರ್ಷದಲ್ಲಿ ಆ ಗಂಭೀರವಾದ ತೇಗದ ಕುರ್ಚಿ ಬಚ್ಚಲುಮನೆಯ ಮಣೆಯಷ್ಟು ಎತ್ತರಕ್ಕೆ ಇಳಿಯಿತು. ಅಕ್ಕೋರು ಅದರ ಮೇಲೆ ಕೂತರೆ ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಏಳಬೇಕಾದರೆ ನಾಲ್ಕು ಸಲ ಹಿಂದೆ ಮುಂದೆ ತೂಗಿ ಏಳುತ್ತಿದ್ದರು. ಹಾಗಿದ್ದರೂ ಅವರು ನನಗೆ ಒಂದು ಮಾತೂ ಬೈಯಲಿಲ್ಲ. ಅದನ್ನು ಕಂಡು ನನಗೆ ಅನುಮಾನ ಬರಬೇಕಾಗಿತ್ತು. ಬರಲಿಲ್ಲ. ನನ್ನ ಕೆಲಸ ಮೆಚ್ಚಿಕೊಂಡಿದ್ದಾರೆ ಎಂದುಕೊಂಡೆ.

ಊರಿನವರೂ ಹಾಗೆಯೇ. ಅಕ್ಕೋರ ದನಿ ಸಣ್ಣದಾಯಿತು, ವಯಸ್ಸಾದ ಮೇಲೆ ಮೆತ್ತಗಾಗಿದ್ದಾರೆ ಎಂದರು. ಬೇಳೆ ತಳ ಹಿಡಿದು ಬೀದಿಯೆಲ್ಲ ಕಮಟು ವಾಸನೆ ಬಂದರೂ ಅವರು ಒಲೆಯ ಪಕ್ಕದಲ್ಲೇ ಆರಾಮಾಗಿ ಕೂತಿದ್ದರು, ಧ್ಯಾನ ಕಲಿತಿದ್ದಾರೆ ಎಂದರು.

ಗುಟ್ಟು ಹೊರಗೆ ಬಂದದ್ದು ನನ್ನ ಹೆಂಡತಿ ಸಾವಂತ್ರಿಯಿಂದ. ಅವಳು ಒಂದು ಮಧ್ಯಾಹ್ನ ಅಂಗಡಿ ಗುಡಿಸುತ್ತ ಪುಸ್ತಕ ತೆರೆದು ನೋಡಿದಳು. ಬಹಳ ಹೊತ್ತು ನೋಡಿದಳು.

"ಈ ಇರುವಿ ಸಾಲು ಯಾರ್ ಬರದಾರ್ರಿ?" ಎಂದಳು.

ಇರುವೆಯ ಸಾಲಲ್ಲ, ಅಕ್ಕೋರ ಅಕ್ಷರ. ಹಿಂದಿನ ವರ್ಷದ ಪುಟದಲ್ಲಿ 'ಬಲಗಾಲು ಎಳೆತ' ಎಂಬುದು ಬೋರ್ಡಿನ ಮೇಲೆ ಬರೆದ ಹಾಗೆ ದಪ್ಪಗಿತ್ತು. ಪುಟ ತಿರುವಿದ ಹಾಗೆಲ್ಲ ಅಕ್ಷರಗಳು ಕುಗ್ಗುತ್ತ ಬಂದಿದ್ದವು. ಕೊನೆಯ ದೂರನ್ನು ಓದಲು ನಾನು ಪುಸ್ತಕವನ್ನು ಮೂಗಿಗೆ ಹಿಡಿಯಬೇಕಾಯಿತು. 'ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತದೆ' ಎಂದಿತ್ತು.

"ಬರದದ್ದು ಕುರ್ಚಿ ಅಲ್ಲಲ್ರೀ" ಎಂದಳು ಸಾವಂತ್ರಿ. "ಕುರ್ಚಿ ನೆಟ್ಟಗೈತಿ. ನೆಟ್ಟಗಿಲ್ಲದ್ದು ಅಕ್ಕೋರು. ಅದು ಪಾಪ ಅವರು ನಡದಂಗ ನಡದೈತಿ, ನೀವು ಅದರ ಕಾಲ್ ಕಡದು ಕುಂತೀರಿ."

ನಾನು ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟೆ. ಒಂದು ವರ್ಷ. ಅಂಟು, ಬೆಣೆ, ಎಳ್ಳೆಣ್ಣೆ. ಅಷ್ಟೂ ದಿನ ಆ ಹೆಣ್ಣುಮಗಳು ನನ್ನೆದುರಿಗೇ ನಿಂತಿದ್ದರು, ನಾನು ಒಂದು ಸಲವೂ ತಲೆಯೆತ್ತಿ ನೋಡಿರಲಿಲ್ಲ.

ಅವತ್ತೇ ಅವರ ಮನೆಗೆ ಹೋದೆ. ಅಕ್ಕೋರು ಪಡಸಾಲೆಯ ಬಾಗಿಲಲ್ಲಿ ನಿಂತಿದ್ದರು. ಒಳಗೂ ಬರುತ್ತಿರಲಿಲ್ಲ, ಹೊರಗೂ ಹೋಗುತ್ತಿರಲಿಲ್ಲ. ಅವರ ಹಿಂದೆ ಕುರ್ಚಿಯೂ ಒಂದು ಕಾಲು ತುಸು ಎತ್ತಿ ಹಾಗೆಯೇ ನಿಂತಿತ್ತು.

"ಯಾರಿಗರ ಕಾಯಾಕತ್ತೀರೇನ್ರಿ?" ಎಂದೆ.

"ಇಲ್ಲ. ನನ್ನ ಕಾಲಿಗೆ ಕಾಯಾಕತ್ತೀನಿ" ಎಂದರು.

ಕಡೆಗೆ ಕಾಲು ಬಂತು. ಕೂತ ಮೇಲೆ ನಾನು ಹೇಳಬೇಕಾದದ್ದನ್ನು ಹೇಳಿದೆ. ಅವರು ಕೋಪಿಸಿಕೊಳ್ಳಲಿಲ್ಲ. ಸೆರಗಿನಿಂದ ಬಲಗೈ ತೆಗೆದು ತೊಡೆಯ ಮೇಲಿಟ್ಟರು. ಹೆಬ್ಬೆರಳು ಮತ್ತು ತೋರುಬೆರಳು ಗುಳಿಗೆ ಉರುಳಿಸುವ ಹಾಗೆ ಒಂದಕ್ಕೊಂದು ಉಜ್ಜುತ್ತಿದ್ದವು. ಪಕ್ಕದಲ್ಲಿ ಕುರ್ಚಿಯ ಕೈಯೂ ಅದೇ ತಾಳದಲ್ಲಿ ನಡುಗುತ್ತಿತ್ತು.

"ನನಗ ಗೊತ್ತಿತ್ತು, ಮೌನೇಶ. ಕುರ್ಚಿ ಸರಿ ಆದ್ರ ನಾನೂ ಸರಿ ಆಗಬಹುದು ಅಂತ ಹಟ ಹಿಡದಿದ್ದೆ" ಎಂದರು. ಕೈಯನ್ನು ಮತ್ತೆ ಸೆರಗಿನೊಳಗೆ ಇಟ್ಟುಕೊಂಡು, "ಶಾಲಿ ಕಮಿಟಿಯವರ ನಿಯಮ ಗೊತ್ತೈತಲ್ಲ" ಎಂದರು.

ಗೊತ್ತಿತ್ತು. ಯಾರ ಕುರ್ಚಿ ಶಾಲೆಯ ಗೇಟಿನಿಂದ ಧ್ವಜದ ಕಂಬದವರೆಗೆ ನೆಟ್ಟಗೆ ನಡೆಯುವುದಿಲ್ಲವೋ ಅವರು ಕವಾಯತು ನಡೆಸುವಂತಿಲ್ಲ. ವಾರ್ಷಿಕೋತ್ಸವದ ದಿನ ಕಮಿಟಿಯ ಅಧ್ಯಕ್ಷ ಬಸಲಿಂಗಪ್ಪನವರು ಖುದ್ದಾಗಿ ನೋಡುತ್ತಾರೆ. ಅಕ್ಕೋರ ನಿವೃತ್ತಿಗೆ ಇನ್ನೂ ಎರಡು ವರ್ಷವಿತ್ತು. ಆ ಮೈದಾನ ಬಿಟ್ಟರೆ ಅವರಿಗೆ ಬೇರೆ ಸಂಸಾರವಿರಲಿಲ್ಲ.

ಮಾರನೆಯ ವಾರ ಅವರನ್ನು ಜಿಲ್ಲೆಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕುರ್ಚಿಗಳನ್ನು ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟೆವು. ಅಲ್ಲಿ ಮಿದುಳು ಮತ್ತು ನರಗಳನ್ನು ನೋಡುವ ಡಾಕ್ಟರು ನಫೀಸಾ ಎಂಬ ಹೆಣ್ಣುಮಗಳು. ಕೈ ಮುಷ್ಟಿ ಮಾಡಿ ಬಿಡಿ, ಹಿಮ್ಮಡಿಯಿಂದ ನೆಲ ತಟ್ಟಿ ಎಂದೆಲ್ಲ ಮಾಡಿಸಿದರು. ಅಕ್ಕೋರು ಪ್ರತಿಯೊಂದನ್ನೂ ಶಾಲೆಯ ಕವಾಯತಿನಂತೆ ಎದೆಯುಬ್ಬಿಸಿ ಮಾಡಿದರು. ಎಡಗೈ ಸರಾಗವಾಗಿ ಮಾಡಿತು. ಬಲಗೈ ಮೊದಲು ಚೆನ್ನಾಗಿ ಶುರುಮಾಡಿ, ಬರಬರುತ್ತ ಚಿಕ್ಕದಾಗಿ, ಅವರ ಅಕ್ಷರದ ಹಾಗೆಯೇ ಕುಗ್ಗಿಹೋಯಿತು.

"ಇದು ಪಾರ್ಕಿನ್ಸನ್ ಕಾಯಿಲೆ" ಎಂದರು ಡಾಕ್ಟರು. "ಮಿದುಳಿನ ಆಳದಲ್ಲಿ ಒಂದು ಜಾಗ ಇದೆ. ಅಲ್ಲಿನ ಜೀವಕೋಶಗಳು ಡೋಪಮಿನ್ ಅನ್ನೋ ರಾಸಾಯನಿಕ ತಯಾರು ಮಾಡ್ತವೆ. ನಡಿ ಅಂತ ನೀವು ಅಂದುಕೊಂಡದ್ದು ಸಲೀಸಾಗಿ ನಡಿಗೆ ಆಗೋದಕ್ಕೆ ಅದು ಬೇಕು. ಆ ಕೋಶಗಳು ನಿಧಾನವಾಗಿ ಕಡಿಮೆ ಆಗ್ತಾ ಇವೆ. ಕಾಲಲ್ಲಿ ಶಕ್ತಿ ಇದೆ, ಮನಸ್ಸಲ್ಲಿ ಇಷ್ಟ ಇದೆ, ನಡುವೆ ಆಜ್ಞೆ ತಲುಪೋದು ತಡ ಆಗ್ತಿದೆ."

"ಅಂದ್ರ ಪೀಪಿ ಊದಾವ ರಜಾ ಹಾಕ್ಯಾನ" ಎಂದರು ಅಕ್ಕೋರು.

"ಹೆಚ್ಚು ಕಡಿಮೆ ಹಾಗೇ."

"ಯಾವಾಗ ವಾಪಸ್ ಬರ್ತಾನ?"

ಡಾಕ್ಟರು ನೇರವಾಗಿ ಅವರ ಮುಖ ನೋಡಿ ಹೇಳಿದರು. "ಹೋದವನು ಬರೋದಿಲ್ಲ. ಇದು ವಾಸಿ ಆಗೋ ಕಾಯಿಲೆ ಅಲ್ಲ, ವರ್ಷ ಹೋದ ಹಾಗೆ ಮುಂದುವರಿಯುತ್ತೆ. ಆದರೆ ಎಲ್ಲರಿಗೂ ಒಂದೇ ವೇಗದಲ್ಲಿ ಅಲ್ಲ. ಬದಲಿ ಆಳು ಕೊಡ್ತೀನಿ, ಮಾತ್ರೆ. ಸರಿಯಾದ ಹೊತ್ತಿಗೆ ತಗೊಂಡರೆ ಬಹಳ ವರ್ಷ ಚೆನ್ನಾಗಿ ಓಡಾಡ್ಕೊಂಡಿರಬಹುದು. ಮತ್ತೆ ವ್ಯಾಯಾಮ ಬಿಡಬಾರದು."

ಅಕ್ಕೋರು ಕಿಟಕಿಯ ಕಡೆ ತಿರುಗಿದರು. ನಾನು ಡಾಕ್ಟರ ಮೇಜಿನ ಕಾಲು ಅಲುಗುತ್ತದೆಯೇ ಎಂದು ಪರೀಕ್ಷಿಸಿದೆ. ಅಲುಗುತ್ತಿತ್ತು.

ಡಾಕ್ಟರು ಉಳಿದ ಲಕ್ಷಣಗಳನ್ನು ಕೇಳಿದರು. ವಾಸನೆ ತಿಳಿಯುವುದಿಲ್ಲವೇ, ದನಿ ಇಳಿದಿದೆಯೇ ಎಂದು. ಹೌದು, ಹೌದು. ಧ್ಯಾನದ ವಿಚಾರ ನಾನು ಹೇಳಲಿಲ್ಲ. "ಮುಖದಲ್ಲಿ ನಗು ಕಡಿಮೆ ಆಗಿದೆ ಅಂತ ಯಾರಾದರೂ ಗಮನಿಸಿದ್ದಾರಾ?" ಎಂದು ನನ್ನನ್ನು ಕೇಳಿದರು. ನಾನು ಅಕ್ಕೋರ ಕಡೆ ನೋಡಿದೆ. ಇಷ್ಟು ವರ್ಷಗಳಲ್ಲಿ ಅವರ ನಗು ಕಂಡವರು ನಮ್ಮೂರಿನಲ್ಲಿ ಇರಲಿಲ್ಲ. ಇಲ್ಲದ್ದು ಕಡಿಮೆಯಾದರೆ ಗೊತ್ತಾಗುವುದು ಹೇಗೆ?

"ಹೇಳಾಕ ಬರೂದಿಲ್ರಿ" ಎಂದೆ. ಆಗ ಅಕ್ಕೋರ ಹೊಟ್ಟೆ ಕುಲುಕಿತು. ಮುಖ ಮಾತ್ರ ಹಾಗೇ ಇತ್ತು. ಅದು ನಗು ಎಂದು ತಿಳಿಯಲು ನನಗೆ ಒಂದು ಕ್ಷಣ ಬೇಕಾಯಿತು.

ಹೊರಡುವಾಗ ಅವರು ಮತ್ತೆ ಬಾಗಿಲಲ್ಲಿ ನಿಂತುಬಿಟ್ಟರು. ಡಾಕ್ಟರು ಅವಸರ ಮಾಡಲಿಲ್ಲ, ಎಳೆಯಲೂ ಇಲ್ಲ. ಒಂದು ಪೆನ್ಸಿಲನ್ನು ಅವರ ಪಾದದ ಮುಂದೆ ಅಡ್ಡಲಾಗಿ ಇಟ್ಟು, ಇದನ್ನು ದಾಟಿ ಎಂದರು. ಅಕ್ಕೋರು ಹಳ್ಳ ದಾಟುವ ಹಾಗೆ ಕಾಲೆತ್ತಿ ದಾಟಿ ಹೋದರು. "ಕೆಲವರಿಗೆ ಗೆರೆ, ಕೆಲವರಿಗೆ ತಾಳ, ಕೆಲವರಿಗೆ ಯಾರಾದರೂ ಎಣಿಸಿದರೆ ಸಾಕು. ಒಳಗಿನ ಆಜ್ಞೆ ತಲುಪದೇ ಇದ್ದಾಗ ಹೊರಗಿನದು ತಲುಪುತ್ತೆ" ಎಂದರು ಡಾಕ್ಟರು.

ಊರಿಗೆ ಬಂದ ಕೂಡಲೇ ನಾನು ಮಾಡಿದ ಮೊದಲ ಕೆಲಸ ಆ ಕುರ್ಚಿಗೆ ಎತ್ತರದ ಹೊಸ ಕಾಲು ಹಾಕಿದ್ದು. ಎರಡನೆಯದು, ಅವರ ಮನೆಯ ಹೊಸ್ತಿಲುಗಳ ಮುಂದೆ ಸುಣ್ಣದ ಗೆರೆ ಎಳೆದದ್ದು. ಮಾತ್ರೆಯ ಹೊತ್ತುಗಳನ್ನು ಸಾವಂತ್ರಿ ತನ್ನ ಮೇಲೆ ಹಾಕಿಕೊಂಡಳು. ಊಟಕ್ಕೆ ಮೊದಲೇ ಮಾತ್ರೆ ನುಂಗಬೇಕಿತ್ತು. ಬೇಳೆ, ಮೊಟ್ಟೆ ಅದರ ದಾರಿಗೆ ಅಡ್ಡ ನಿಲ್ಲುತ್ತವಂತೆ. ಸಾವಂತ್ರಿಗೆ ಹೊತ್ತು ಎಂದರೆ ಹೊತ್ತು. ಬೀದಿಯ ಆ ತುದಿಯಿಂದ "ಅಕ್ಕೋರ, ಗುಳಿಗಿ" ಎಂದು ಕೂಗುತ್ತಿದ್ದಳು. ಬ್ಯಾಂಕಿನವರು ಆ ಕೂಗಿಗೆ ಗಡಿಯಾರ ಸರಿಮಾಡಿಕೊಳ್ಳುವಂತಾಯಿತು.

ವಾರ್ಷಿಕೋತ್ಸವ ಹತ್ತಿರ ಬಂತು. ಮಾತ್ರೆಯಿಂದ ಅಕ್ಕೋರ ಮೈ ಸಡಿಲವಾಗಿತ್ತು, ನಡಿಗೆ ಎಷ್ಟೋ ಹಗುರಾಗಿತ್ತು. ಇಕ್ಕಟ್ಟಾದ ಜಾಗ, ಬಾಗಿಲು, ಜನರ ಕಣ್ಣು, ಈ ಮೂರೂ ಒಟ್ಟಾದರೆ ಮಾತ್ರ ಕಾಲು ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ಶಾಲೆಯ ಗೇಟಿನಲ್ಲಿ ಅಂದು ಮೂರೂ ಇರುತ್ತವೆ. ನಾನು ಒಂದು ಉಪಾಯ ಹೂಡಿದೆ. ಕುರ್ಚಿಯ ಕಾಲುಗಳಿಗೆ ಕಾಣದ ಹಾಗೆ ಸಣ್ಣ ಗಾಲಿ ಹಾಕಿದರೆ ಹೇಗೆ? ತೋರಿಸಲೆಂದು ಹಾಕಿದೆ. ಅಕ್ಕೋರು ಎರಡು ಹೆಜ್ಜೆ ಇಟ್ಟರು. ಕುರ್ಚಿ ಅವರನ್ನು ದಾಟಿ, ನನ್ನ ಅಂಗಡಿಯ ಇಳಿಜಾರು ಇಳಿದು, ಟೊಮೆಟೊ ಮಾರುವವಳ ಬುಟ್ಟಿಯನ್ನು ಅನಾಮತ್ತಾಗಿ ಹೊತ್ತುಕೊಂಡು ಬಸ್ ಸ್ಟ್ಯಾಂಡಿನವರೆಗೆ ಹೋಯಿತು. ಹಿಂದಿನಿಂದ ಟೊಮೆಟೊದವಳೂ, ಅವಳ ಕುರ್ಚಿಯೂ, ನಾನೂ, ನನ್ನ ಕುರ್ಚಿಯೂ ಓಡಿದೆವು.

"ತಗದು ಹಾಕು" ಎಂದರು ಅಕ್ಕೋರು. "ನಾ ಹೆಂಗ ನಡೀತೀನೋ ಅದೂ ಹಂಗ ನಡೀಲಿ. ಮಂದಿ ನೋಡ್ಲಿ."

ಅಂದು ಮೈದಾನದಲ್ಲಿ ನಾನೂರು ಮಕ್ಕಳು ಧ್ವಜದ ಕಡೆ ಮುಖ ಮಾಡಿ ನಿಂತಿದ್ದರು. ವೇದಿಕೆಯ ಮೇಲೆ ಕಮಿಟಿ. ನಡುವೆ ಬಸಲಿಂಗಪ್ಪನವರು ತಮ್ಮ ಮೆತ್ತನೆಯ ದೊಡ್ಡ ಕುರ್ಚಿಯ ಮೇಲೆ. ಸುತ್ತಲೂ ಊರಿಗೆ ಊರೇ. ಅಕ್ಕೋರು ಬಿಳಿಯ ಸೀರೆ, ಕ್ಯಾನ್ವಾಸ್ ಬೂಟು ಹಾಕಿ ಬೀದಿಯಲ್ಲಿ ಟಕ್, ಟಕ್ ಎಂದು ಬಂದರು. ಗೇಟಿಗೆ ಬಂದರು. ನಿಂತರು.

ಹಿಂದೆ ಕುರ್ಚಿ ನಿಂತಿತು. ಜನ ಮೊದಲು ಇದು ಗತ್ತು ಎಂದುಕೊಂಡರು. ಆಮೇಲೆ ಪಿಸುಮಾತು ಶುರುವಾಯಿತು. ಗೇಟಿನಲ್ಲಿ ಹಿಂದಿನ ರಾತ್ರಿ ನಾನು ಎಳೆದಿದ್ದ ಸುಣ್ಣದ ಗೆರೆಯನ್ನು ಬೆಳಿಗ್ಗೆ ಯಾರೋ ನೀರು ಹೊಡೆದು ಚೊಕ್ಕಟ ಮಾಡಿದ್ದರು. ಬಸಲಿಂಗಪ್ಪನವರು ಕನ್ನಡಕ ಏರಿಸಿದರು.

ಅಕ್ಕೋರು ತಲೆ ತಿರುಗಿಸದೆ ಹೇಳಿದರು. ಅವರಿಗಿದ್ದ ಅಷ್ಟೂ ದನಿಯನ್ನು ಒಟ್ಟುಮಾಡಿ ಹೇಳಿದರು. "ಎಲ್ಲಾರೂ ಕೇಳ್ರಿ. ನನಗ ಪಾರ್ಕಿನ್ಸನ್ ಅಂತ ಮಿದುಳಿನ ಬ್ಯಾನಿ ಐತಿ. ಕಾಲು ಒಮ್ಮೊಮ್ಮೆ ಮಾತು ಕೇಳೂದಿಲ್ಲ. ಹೊರಗಿಂದ ಯಾರರ ಆಜ್ಞೆ ಕೊಟ್ರ ಕೇಳ್ತೈತಿ. ಮೌನೇಶ, ಮುಂದ ಬಾ. ಆಜ್ಞೆ ಕೊಡು."

ನಾನು ಶಾಲೆಯಲ್ಲಿ ಕಡೆಯ ಸಾಲಿನಲ್ಲಿ ನಿಲ್ಲುತ್ತಿದ್ದವನು, ಎಡ ಬಲ ಇವತ್ತಿಗೂ ಉಂಗುರ ನೋಡಿ ಹೇಳುವವನು. ಇಡೀ ಊರು ನನ್ನ ಕಡೆ ತಿರುಗಿತು. ಮುಂದೆ ಬಂದೆ. "ಸಾವಧಾನ್" ಎಂದೆ. ನಾನೂರು ಮಕ್ಕಳು ಧಪ್ ಎಂದು ನೆಟ್ಟಗಾದರು. ಸುತ್ತ ನಿಂತ ಜನವೂ ನೆಟ್ಟಗಾದರು. ಎಲ್ಲರೂ ಅಕ್ಕೋರ ಕೈಯಲ್ಲೇ ಕಲಿತವರು. ಆ ಸದ್ದಿಗೇ ನಾನು ತಬ್ಬಿಬ್ಬಾದೆ. 'ತೇಜ್ ಚಲ್', ಎಂದರೆ ಮುಂದೆ ನಡೆ ಎನ್ನಬೇಕಾಗಿತ್ತು. ಬಾಯಿಂದ ಬಂದದ್ದು "ಪೀಛೇ ಮುಡ್", ಹಿಂದಕ್ಕೆ ತಿರುಗು. ತಪ್ಪಾಯಿತೆಂದು ತಿದ್ದಲು ಹೋಗಿ, ಅದರ ಬೆನ್ನಿಗೇ "ತೇಜ್ ಚಲ್" ಎಂದೂ ಕೂಗಿದೆ.

ನಾನೂರು ಮಕ್ಕಳು ತಿರುಗಿದರು. ಗೇಟಿನ ಕಡೆ ನಡೆಯತೊಡಗಿದರು. ಬ್ಯಾಂಕಿನ ಮ್ಯಾನೇಜರು ತಿರುಗಿ ನಡೆದ. ಟೊಮೆಟೊದವಳು ನಡೆದಳು. ವೇದಿಕೆಯ ಮೇಲೆ ಬಸಲಿಂಗಪ್ಪನವರು, ಎಪ್ಪತ್ತೆಂಟನೆಯ ಇಸವಿಯ ಏಳನೇ ಇಯತ್ತೆಯವರು, ತಮಗೇ ತಿಳಿಯದೆ ಎದ್ದು, ತಿರುಗಿ, ಹಿಂದಿನ ಮೆಟ್ಟಿಲು ಇಳಿದು ಸಾಲಿಗೆ ಸೇರಿಕೊಂಡರು. ಅವರ ದೊಡ್ಡ ಕುರ್ಚಿ ಮೆಟ್ಟಿಲ ಮೇಲೆ ಒಂದು ಲಾಗ ಹಾಕಿ ಹಿಂದೆ ಓಡಿತು. ಎಂಟುನೂರು ಪಾದ, ಅದರ ಮೇಲೆ ಊರಿನ ಕುರ್ಚಿಗಳ ಕಾಲೆಲ್ಲ ಸೇರಿ ಏಕ್, ದೋ, ಏಕ್ ಎಂದು ನೆಲ ಗುದ್ದುತ್ತ ನೇರವಾಗಿ ಅಕ್ಕೋರ ಕಡೆಗೆ ಬಂದವು.

ನಾನು ಕಣ್ಣು ಮುಚ್ಚಿಕೊಂಡೆ. ಮತ್ತೆ ತೆರೆದಾಗ ಅಕ್ಕೋರ ಎಡಗಾಲು ಮೇಲೆದ್ದಿತ್ತು. ಆಮೇಲೆ ಬಲಗಾಲು. ನಿಂತಲ್ಲೇ ಎರಡು ಹೆಜ್ಜೆ ತಾಳಕ್ಕೆ ಹಾಕಿದರು. ಸಣ್ಣ ಸಣ್ಣ ಹೆಜ್ಜೆಗಳಲ್ಲಿ, ದೊಡ್ಡ ಸುತ್ತಿನಲ್ಲಿ, ಡಾಕ್ಟರು ಹೇಳಿಕೊಟ್ಟ ಹಾಗೆ ತಿರುಗಿದರು. ಮಕ್ಕಳು ಗೇಟಿಗೆ ಬರುವ ಹೊತ್ತಿಗೆ ಅವರು ಎಲ್ಲರ ಮುಂದೆ ಬೀದಿಯಲ್ಲಿ ನಡೆಯುತ್ತಿದ್ದರು. ಮೆರವಣಿಗೆ ತರಕಾರಿ ಮಾರುಕಟ್ಟೆ ಹೊಕ್ಕಿತು, ಬಸ್ ಸ್ಟ್ಯಾಂಡ್ ಸುತ್ತಿತು. ಅಲ್ಲಿ ಒಡೆಯರಿಗಾಗಿ ಕಾಯುತ್ತಿದ್ದ ಕುರ್ಚಿಗಳೂ ಸಾಲು ಕಟ್ಟಿದವು. ಬಸ್ಸಿನ ಡ್ರೈವರು ಬಸ್ಸು ನಿಲ್ಲಿಸಿ ಇಳಿದು ಸಲಾಮು ಹೊಡೆದ. ಅವನು ಬೇರೆ ಊರಿನವನು, ಯಾರೋ ಮಂತ್ರಿ ಬಂದಿದ್ದಾರೆ ಎಂದುಕೊಂಡನಂತೆ. ತಿರುಗಿ ಶಾಲೆಗೆ ಬಂದಾಗ ಅಕ್ಕೋರು ಗೇಟನ್ನು ನೋಡಲೇ ಇಲ್ಲ. ಆ ತಾಳದ ಮೇಲೆಯೇ ದಾಟಿ, ಧ್ವಜದ ಕಂಬದ ಹತ್ತಿರ ಹೋಗಿ ನಿಂತರು.

ಕಮಿಟಿಯ ಸಭೆ ಅವತ್ತೇ ಸೇರಿತು. ಅಕ್ಕೋರ ಕುರ್ಚಿ ನೆಟ್ಟಗೆ ನಡೆಯಿತೋ ಇಲ್ಲವೋ ಎಂದು ಬರೆಯಬೇಕಿತ್ತು. ನೋಡಿದವರು ಒಬ್ಬರೂ ಸಿಗಲಿಲ್ಲ. ಎಲ್ಲರೂ ಹಿಂದೆ ಕವಾಯತು ಮಾಡುತ್ತಿದ್ದರು. ಬಸಲಿಂಗಪ್ಪನವರು ಬೆವರು ಒರೆಸಿಕೊಳ್ಳುತ್ತ, "ನನ್ನ ಹೆಜ್ಜಿ ತಪ್ಪಿತ್ತೇನ್ರಿ ಅಕ್ಕೋರ?" ಎಂದು ಮೆಲ್ಲಗೆ ಕೇಳಿದರು.

"ಎರಡು ಕಡೆ" ಎಂದರು ಅಕ್ಕೋರು. ಅಲ್ಲಿಗೆ ಆ ನಿಯಮ ಮುಗಿಯಿತು.

ಅಕ್ಕೋರು ಎರಡು ವರ್ಷ ಪೂರ್ತಿ ಮಾಡಿ ನಿವೃತ್ತರಾದರು. ಇದಾಗಿ ಈಗ ಆರು ವರ್ಷ. ಡಾಕ್ಟರು ಹೇಳಿದ್ದು ನಿಜ, ಕಾಯಿಲೆ ನಿಂತಿಲ್ಲ. ಮಾತ್ರೆ ದಿನಕ್ಕೆ ಮೂರಿದ್ದದ್ದು ಐದಾಗಿದೆ. ಎಡಗೈಯೂ ನಡುಗುತ್ತದೆ. ಎರಡು ಸಲ ಬಿದ್ದರು. ಕೆಲವು ದಿನ ಕುಪ್ಪಸದ ಗುಂಡಿಯಷ್ಟು ಸಣ್ಣ ವಿಷಯವೂ ಅವರಿಗೆ ಅರ್ಧ ಗಂಟೆಯ ಕೆಲಸ. ಆದರೂ ದಿನಾ ಬೆಳಿಗ್ಗೆ ಮೈದಾನಕ್ಕೆ ಬರುತ್ತಾರೆ. ಕೈಕಾಲು ಹಿಡಿದ ಊರಿನ ಹನ್ನೆರಡು ಮಂದಿಯನ್ನೂ, ಏನೂ ಹಿಡಿಯದ ನನ್ನನ್ನೂ ಸಾಲಾಗಿ ನಿಲ್ಲಿಸಿ ವ್ಯಾಯಾಮ ಮಾಡಿಸುತ್ತಾರೆ.

ಹೋದ ಸೋಮವಾರ ಮುಗಿಸಿ ಮನೆಗೆ ಹೋಗುವಾಗ ಅಂಚೆ ಕಚೇರಿಯ ಮುಂದೆ ಅವರ ಕಾಲು ನಿಂತುಬಿಟ್ಟಿತು. ಮಾತ್ರೆಯ ಬಲ ಇಳಿಯುವ ಹೊತ್ತು. ನಾನು ಎಣಿಸಿದೆ, ಆಗಲಿಲ್ಲ. ಗೆರೆ ಎಳೆದೆ, ಆಗಲಿಲ್ಲ. ಅವಸರ ಮಾಡಬಾರದೆಂದು ನನಗೂ ಈಗ ಗೊತ್ತು. ಪಕ್ಕದಲ್ಲೇ ನಿಂತೆ. ಜನ ನಮ್ಮ ಎರಡೂ ಕಡೆಯಿಂದ ದಾಟಿ ಹೋದರು. ಸ್ವಲ್ಪ ಹೊತ್ತಿಗೆ ಅಕ್ಕೋರ ತುಟಿ ಅಲುಗಿತು. ದನಿ ಕೇಳಲಿಲ್ಲ. ನೀರು ಬೇಕೇನೋ, ಭಯವಾಯಿತೇನೋ ಎಂದು ಬಾಗಿ ಅವರ ಬಾಯಿಯ ಹತ್ತಿರ ಕಿವಿ ಹಿಡಿದೆ.

"ಬೆನ್ನು ನೆಟ್ಟಗ ಮಾಡು" ಎಂದರು.

ಮಾಡಿದೆ. ಹಾಗೆಯೇ ನಿಂತಿದ್ದೆವು, ಕಾಲು ಬರುವವರೆಗೆ.